ಹನ್ನೊಂದರಿಂದ ಕದ್ದ ಇಪ್ಪತ್ತು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಈ ಮಾತನ್ನು ನನ್ನ ಗಂಡ ಹೇಳಿದರೆ ಒಪ್ಪುವುದಿಲ್ಲ, ನಾನೇ ಹೇಳಿಕೊಂಡರೆ ಸರಿ. ಲೆಕ್ಕದ ಟೀಚರ್ ಅಂದಮೇಲೆ ಒಂದಿಷ್ಟು ಖಾರ ಇರಬೇಕು, ಇಲ್ಲದಿದ್ದರೆ ಏಳನೇ ಕ್ಲಾಸಿನವರು ತಲೆ ಮೇಲೆ ಮೆಣಸು ಅರೆಯುತ್ತಾರೆ ಅಂತ ಹದಿನೈದು ವರ್ಷ ನಂಬಿಕೊಂಡು ಬಂದವಳು ನಾನು. ಹಲಗೂರು ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿ ಆ ಖಾರವನ್ನೆಲ್ಲ ಇಳಿಸಿಬಿಟ್ಟರು. ಈಗ ನೆನೆಸಿಕೊಂಡರೆ ನಗು ಬರುತ್ತೆ. ಆವತ್ತು ಬಂದಿರಲಿಲ್ಲ.

ನಾನು ಮದ್ದೂರು ಪೇಟೆಯಲ್ಲಿ ಹುಟ್ಟಿ ಬೆಳೆದವಳು. ನಮ್ಮಪ್ಪನದು ಬಟ್ಟೆ ಅಂಗಡಿ. ಬೆಳಗ್ಗೆ ಬಾಗಿಲು ತೆಗೆದಾಗಿನಿಂದ ಅಪ್ಪನ ಬಾಯಲ್ಲಿ ಒಂದೇ ಮಾತು: "ಇಂಥ ಸೀರೆ ನಿಮಗೆ ಮೈಸೂರಲ್ಲಿ ಹುಡುಕಿದರೂ ಸಿಗಲ್ಲ ತಾಯಿ!" ಸಿಗುತ್ತಿತ್ತು. ಅಪ್ಪ ತರುತ್ತಿದ್ದದ್ದೇ ಮೈಸೂರಿನಿಂದ. ಇದ್ದದ್ದನ್ನು ಎರಡರಷ್ಟು ಮಾಡಿ ಹೇಳುವುದು ನಮ್ಮ ಮನೆಯಲ್ಲಿ ಸುಳ್ಳಲ್ಲ, ಕಸುಬು. ಆಮೇಲೆ ಕೆಲಸ ಸಿಕ್ಕಿ ಮಂಡ್ಯ ಊರೊಳಗಿನ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದೆ. ಅಲ್ಲಿನ ಮಕ್ಕಳೂ ನಮ್ಮಪ್ಪನ ಥರದವೇ. ಪ್ರಶ್ನೆ ನನ್ನ ಬಾಯಿಂದ ಪೂರ್ತಿ ಬರುವ ಮುಂಚೆಯೇ "ನಂಗೊತ್ತು ಮಿಸ್, ನಂಗೊತ್ತು ಮಿಸ್" ಅಂತ ಬೆಂಚು ಹತ್ತಿ ನಿಲ್ಲುತ್ತಿದ್ದವು. ಉತ್ತರ ಕೇಳಿದರೆ ತಪ್ಪು. ಆದರೂ ಅದರಲ್ಲಿ ಒಂದು ಖುಷಿ ಇತ್ತು.

ವರ್ಗಾವಣೆಯಾಗಿ ಹಲಗೂರು ಕಡೆಗೆ ಬಂದದ್ದು ನವೆಂಬರಿನಲ್ಲಿ. ಮದ್ದೂರಿನಿಂದ ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಇಳಿದಮೇಲೆ ಕಾಲ್ನಡಿಗೆ. ಹೆಂಗಸರಿಗೆ ಟಿಕೆಟ್ಟಿಲ್ಲ ಅಂತಾದ ಮೇಲೆ ಆ ಬಸ್ಸಿನಲ್ಲಿ ಒಂದು ಕಾಲಿಡಲು ಜಾಗ ಸಿಕ್ಕರೆ ಇನ್ನೊಂದು ಕಾಲನ್ನು ಹಲಗೂರಿನವರೆಗೂ ಎತ್ತಿಕೊಂಡೇ ಇರಬೇಕು. ಹಾಗೆ ಹೋಗಿ ಕ್ಲಾಸಿಗೆ ಕಾಲಿಟ್ಟರೆ ಏಳನೇ ತರಗತಿಯ ಇಪ್ಪತ್ತಮೂರು ಮಕ್ಕಳು ತುಟಿ ಪಿಟಕ್ಕೆನ್ನದೆ ಕೂತಿದ್ದವು. "ಭಿನ್ನರಾಶಿ ಗುಣಾಕಾರ ಯಾರಿಗೆ ಬರುತ್ತೆ, ಕೈ ಎತ್ತಿ" ಅಂದೆ. ಒಂದು ಕೈಯೂ ಏಳಲಿಲ್ಲ. "ದಶಮಾಂಶ?" ಇಲ್ಲ. "ಹೋಗಲಿ, ಮಗ್ಗಿ?" ಎಲ್ಲರೂ ತಲೆ ತಗ್ಗಿಸಿಕೊಂಡು ಒಬ್ಬರ ಮೊಣಕೈ ಇನ್ನೊಬ್ಬರು ತಿವಿದರು. ನನಗಿಂತ ಮುಂಚೆ ಇದ್ದ ಟೀಚರನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡೆ. ಪಾಪ, ಆ ತಾಯಿ ಯಾರೋ ಏನೋ, ಈಗ ಕ್ಷಮೆ ಕೇಳುತ್ತೇನೆ.

ಆ ಜನವರಿಯಲ್ಲಿ ಮಳವಳ್ಳಿಯಲ್ಲಿ ನಮಗೊಂದು ತರಬೇತಿ ಆಯಿತು. ತರಬೇತಿ ಅಂದರೆ ಬೋಂಡ, ಟೀ, ಹಾಜರಿ ಸಹಿ ಅಂತಲೇ ಹೋಗಿದ್ದೆ. ಆದರೆ ಆ ಸಲ ಕೇಳಿದ್ದು ನಿಜವಾಗಿಯೂ ಮನಸ್ಸಿಗೆ ಹಿಡಿಯಿತು. ಮಗುವಿಗೆ ಒಟ್ಟು ಎಷ್ಟು ಅಂಕ ಬಂತು ಅಂತ ಕೂಡಿ ಕಳೆದು ಸರಾಸರಿ ತೆಗೆಯುವುದನ್ನು ಸ್ವಲ್ಪ ಬದಿಗಿಡಿ, ಯಾವುದು ಬರುತ್ತೆ ಯಾವುದು ಬರಲ್ಲ ಅಂತ ಒಂದೊಂದಾಗಿ ನೋಡಿ ಅಂದರು. ಒಂದೊಂದು ಕಲಿಕೆಗೂ ನಾಲ್ಕು ಮೆಟ್ಟಿಲು: ಇನ್ನೂ ಬರುವುದಿಲ್ಲ, ಜೊತೆಗೊಬ್ಬರು ಬೇಕು, ನಾನೇ ಮಾಡುತ್ತೇನೆ, ಇನ್ನೊಬ್ಬರಿಗೆ ಹೇಳಿಕೊಡುತ್ತೇನೆ. ಜೂನಿನಲ್ಲಿ ಬಾರದ್ದು ಜನವರಿಗೆ ಬಂದರೆ, ಬಂತು, ಮುಗಿಯಿತು. ಜೂನಿನ ಸೊನ್ನೆಯನ್ನು ಮಗು ವರ್ಷವಿಡೀ ಯಾಕೆ ಹೊರಬೇಕು? ಇಷ್ಟು ಸರಳವಾದ ಮಾತು ನನಗೆ ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು. ಪ್ರಗತಿ ಕಾರ್ಡಿನಲ್ಲಿ ಟೀಚರ್ ಹಾಕುವ ಅಂಕದ ಪಕ್ಕ ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ತಾನೇ ಬರೆಯಲು ಇನ್ನೊಂದು ಜಾಗ ಇಟ್ಟಿದ್ದರು. ನಾನು ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ಊರಿಗೆ ಬರುವವರೆಗೂ ಅದನ್ನೇ ಯೋಚಿಸುತ್ತಿದ್ದೆ.

ಮಾರನೇ ದಿನವೇ ಭಿನ್ನರಾಶಿಗೆ ಅಂತ ಹಾಳೆ ಹಂಚಿದೆ. ಮೆಟ್ಟಿಲು ಅಂದರೇನು ಅಂತ ಬಿಡಿಸಿ ಹೇಳಿದೆ. ಮಕ್ಕಳು ಗಂಭೀರವಾಗಿ ಬರೆದು ಕೊಟ್ಟವು. ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ಮಕ್ಕಳು ಒಂದನೇ ಮೆಟ್ಟಿಲು. ನಾಲ್ಕು ಜನ ಎರಡನೆಯದು. ಅದರ ಮೇಲಕ್ಕೆ ಒಂದು ನರಪಿಳ್ಳೆಯೂ ಹತ್ತಿರಲಿಲ್ಲ. ಆಮೇಲೆ ಭಿನ್ನರಾಶಿಯ ಮೇಲೆ ಇಪ್ಪತ್ತು ಅಂಕದ ಪರೀಕ್ಷೆ ಕೊಟ್ಟೆ. ಹನ್ನೆರಡು, ಹದಿನಾಲ್ಕು, ಒಂಬತ್ತು, ಹದಿನೈದು... ಬರಲ್ಲ ಅಂದವರಿಗೆಲ್ಲ ಒಂದಷ್ಟು ಬಂದೇ ಇತ್ತು. ಒಬ್ಬಳಿಗೆ ಮಾತ್ರ ಇಪ್ಪತ್ತಕ್ಕೆ ಇಪ್ಪತ್ತು. ಮೂರನೇ ಸಾಲಿನಲ್ಲಿ ಕೂರುವ, ಎರಡು ಜಡೆ ಹಾಕಿಕೊಂಡ, ನಾನು ಬಂದಾಗಿನಿಂದ ನನ್ನ ಜೊತೆ ನಾಲ್ಕು ಮಾತೂ ಆಡದ ಹುಡುಗಿ. ಅವಳ ಹಾಳೆಯಲ್ಲೂ ಅದೇ: ಒಂದನೇ ಮೆಟ್ಟಿಲು, ಇನ್ನೂ ಬರುವುದಿಲ್ಲ.

ಅದನ್ನು ಮೊದಲು ಕಂಡದ್ದು ನಮ್ಮ ಹೆಡ್‌ಮೇಷ್ಟ್ರು. ಮೈಸೂರಿನಿಂದ ಓಡಾಡುತ್ತಿದ್ದ ಸಾಧು ಮನುಷ್ಯ. ಯಾವ ಮಾತನ್ನೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಆಡುತ್ತಿದ್ದರು. "ಮೇಡಂ, ಇಲ್ಲೊಂಚೂರು ನೋಡಿ. ಮಗು ಬರಲ್ಲ ಅಂತ ಬರೆದಿದೆ. ಅಂಕ ಪೂರ್ತಿ ಇದೆ. ಮೇಲಿನವರು ಕೇಳಿದರೆ ಏನನ್ನೋದು? ನಾನು ಹೀಗೇ ಅಂತ ಹೇಳ್ತಿಲ್ಲ. ಹಾಗಲ್ಲ ಅಂತಾನೂ ಹೇಳ್ತಿಲ್ಲ."

ನನಗೆ ಅಷ್ಟು ಸಾಕಾಯಿತು. ಸೀದಾ ಕ್ಲಾಸಿಗೆ ಹೋದೆ. "ಏಯ್, ಎದ್ದು ನಿಲ್ಲು. ಬರಲ್ಲ ಅಂತ ನೀನೇ ಬರೆದಿದ್ದೀಯ. ಬಾರದವಳಿಗೆ ಇಪ್ಪತ್ತು ಹೆಂಗೆ ಬಂತು? ಯಾರದ್ದು ನೋಡಿ ಬರೆದೆ?"

"ಯಾರ್ದೂ ಇಲ್ಲ ಮಿಸ್."

"ಮತ್ತೆ ಈ ಹಾಳೆ ಸುಳ್ಳು ಹೇಳುತ್ತಾ?"

ಅವಳು ಹಾಳೆ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಹಾಳೆ ನೋಡಿದಳು. ಸಿಟ್ಟು ನನ್ನ ನೆತ್ತಿಗೇರಿತು. "ಕಳ್ಳಿ!" ಅಂದೆ. ಹೌದು, ಅಂದೆ. ಹನ್ನೆರಡು ವರ್ಷದ ಮಗುವಿಗೆ, ಇಪ್ಪತ್ತೆರಡು ಮಕ್ಕಳ ಮುಂದೆ.

"ನಾನ್ ಕದ್ದಿಲ್ಲ."

"ಹಂಗಾದ್ರೆ ನಾಳೆ ಬೇರೆ ಪ್ರಶ್ನೆ ಕೊಡ್ತೀನಿ. ನನ್ನ ಎದುರಿಗೆ ಕೂತು ಬರಿ."

"ಬರ್ಯಲ್ಲ."

"ಏನಂದೆ?"

"ಕದ್ದಿಲ್ಲ ಅಂದ್ಮೇಲೆ ಮತ್ಯಾಕೆ ಬರೀಲಿ ಮಿಸ್?"

ಅವಳ ಕಣ್ಣು ತುಂಬಿತ್ತು, ಗಂಟಲು ಮಾತ್ರ ಒಂಚೂರೂ ನಡುಗಲಿಲ್ಲ. ನನಗೆ ಎದುರುತ್ತರ ಕೊಟ್ಟಳಲ್ಲ ಅನ್ನುವ ಉರಿಯಲ್ಲಿ ಅವಳು ಹೇಳಿದ್ದು ಸರಿ ಅನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ.

ಹೆಡ್‌ಮೇಷ್ಟ್ರು ತೀರ್ಪು ಕೊಟ್ಟರು: ಮತ್ತೆ ಪರೀಕ್ಷೆ ಬರೆಯಲಿ, ಇಲ್ಲವೇ ತನಗೆ ಬರುತ್ತೆ ಅಂತ ಎಲ್ಲರೆದುರು ಒಪ್ಪಿಕೊಂಡು ಮಾಡಿ ತೋರಿಸಲಿ. ಅಲ್ಲಿಯವರೆಗೆ ಕಾರ್ಡಿನಲ್ಲಿ ಅಂಕದ ಜಾಗ ಖಾಲಿ. ಆ ಶನಿವಾರವೇ ತಂದೆತಾಯಿಗಳನ್ನು ಕರೆಸಿ ಕಾರ್ಡು ಕೊಡುವುದಿತ್ತು. ಹಳ್ಳಿಯಲ್ಲಿ ಕಾರ್ಡು ಅವರವರ ಕೈಯಲ್ಲೇ ಉಳಿಯುವುದಿಲ್ಲ, ಊರೆಲ್ಲ ಸುತ್ತುತ್ತೆ. ಖಾಲಿ ಬಿಟ್ಟ ಒಂದು ಚೌಕ ಸಾಕು, ಆ ಹುಡುಗಿಗೆ ಕಳ್ಳಿ ಅನ್ನುವ ಹೆಸರು ಮದುವೆಯಾಗಿ ಹೋಗುವವರೆಗೂ ಅಂಟಿಕೊಳ್ಳುತ್ತೆ. ಅದು ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ.

ಮಾರನೇ ದಿನ ಅವಳು ಶಾಲೆಗೆ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ ಅಂತ ನಮ್ಮಮ್ಮ ನನ್ನನ್ನು ನೋಡಿಯೇ ಹೇಳುತ್ತಿದ್ದಳು. ಗುರುವಾರ ಸ್ಕೂಲು ಬಿಟ್ಟಮೇಲೆ ಬಸ್‌ಸ್ಟಾಪಿನ ಕಡೆ ತಿರುಗಬೇಕಾದ ಕಾಲು ಊರ ಕಡೆ ತಿರುಗಿತು. ಕಬ್ಬಿನ ಗದ್ದೆ ಬದಿಯಲ್ಲಿ ನಡೆದು ಅವಳ ಮನೆ ಕೇಳಿಕೊಂಡು ಹೋದೆ.

ಜಗಲಿ ಮೇಲೆ ಅವಳ ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಾ ಕೂತಿದ್ದರು. ಸಣಕಲು ಜೀವ, ಗಟ್ಟಿ ದನಿ. ನಾನು ಯಾರು ಅಂತ ಹೇಳುವ ಮೊದಲೇ ಕೇಳಿದರು, "ನೀನೇಯಾ ನಮ್ಮುಡ್ಗೀನ ಕಳ್ಳಿ ಅಂದೋಳು?"

ಅಜ್ಜಿ ಒಳಗೆ ತಿರುಗಿ, "ಅಮ್ಮೀ, ಒಂದ್ ಚೆಂಬು ನೀರ್ ತತ್ತಾ" ಅಂದರು. ನನ್ನ ಕಡೆ ತಿರುಗಿ, "ಕುಂತ್ಕೊ. ಬಿಸ್ಲಲ್ಲಿ ಬಂದಿದ್ದೀಯ. ನೀರ್ ಕುಡ್ಕೊ, ಆಮೇಲ್ ಬಯ್ತೀನಿ" ಅಂದರು. ಹುಡುಗಿ ಚೆಂಬು ತಂದಿಟ್ಟು ಬಾಗಿಲ ಹಿಂದಕ್ಕೆ ಹೋಗಿ ನಿಂತಳು. ಜಡೆಯ ತುದಿ ಕಾಣುತ್ತಿತ್ತು.

"ಯಾರ್ದು ನೋಡ್ಕೊಂಡು ಬರುದ್ಲು?" ವಿಚಾರಣೆ ಶುರುವಾಯಿತು.

"ಪಕ್ಕದಲ್ಲಿ ಕೂತಿದ್ದ ಹುಡುಗಂದು ಇರಬಹುದು ಅಂತ..."

"ಅವ್ನಿಗೆಷ್ಟು ಬಂದದೆ?"

"ಹನ್ನೊಂದು."

"ಈ ಪಕ್ಕ ಕುಂತಿದ್ದೋಳ್ಗೆ?"

"ಒಂಬತ್ತು."

ಮೊರ ನಿಂತಿತು. "ಅನ್ನೊಂದಿರೋ ತಾವು ಇಪ್ಪತ್ತೆಂಗವ್ವ ಕದಿಯಾಕಾಯ್ತದೆ? ನಿಂಗೆ ಲೆಕ್ಕ ಬತ್ತದಾ?"

ಹದಿನೈದು ವರ್ಷ ಲೆಕ್ಕ ಹೇಳಿಕೊಟ್ಟವಳು ನಾನು. ಒಂಬತ್ತೂ ಹನ್ನೊಂದೂ ಕೂಡಿದರೆ ಇಪ್ಪತ್ತಾಗುತ್ತಲ್ಲ ಅಂತ ಒಂದು ಕ್ಷಣ ತಲೆಗೆ ಬಂತು. ಬಾಯಿಗೆ ಬರಲಿಲ್ಲ, ನನ್ನ ಪುಣ್ಯ. ಚೀಲದಿಂದ ಉತ್ತರ ಪತ್ರಿಕೆಗಳನ್ನು ತೆಗೆದು ಅಲ್ಲೇ ಜಗಲಿ ಮೇಲೆ ಹರಡಿದೆ. ಕೊನೆಯ ಭಾಗಾಕಾರದ ಲೆಕ್ಕ ಇಡೀ ಕ್ಲಾಸಿನಲ್ಲಿ ಯಾರಿಗೂ ಸರಿಬಂದಿರಲಿಲ್ಲ. ಇವಳು ಮಾತ್ರ ಮಾಡಿದ್ದಳು, ಅದೂ ನಾನು ಹೇಳಿಕೊಟ್ಟ ದಾರಿಯಲ್ಲಲ್ಲ, ತನ್ನದೇ ದಾರಿಯಲ್ಲಿ. ಅದನ್ನು ಕದಿಯಲು ಆ ಕೋಣೆಯಲ್ಲಿ ಬೇರೆ ಯಾರ ಹತ್ತಿರವೂ ಆ ಸರಕೇ ಇರಲಿಲ್ಲ. ತಿದ್ದುವಾಗ ಒಂದು ನಿಮಿಷ ಕಣ್ಣು ಬಿಟ್ಟು ನೋಡಿದ್ದರೆ ಸಾಕಿತ್ತು. ಸರಿ ಗುರುತು ಹಾಕುವ ಅವಸರದಲ್ಲಿ ನೋಡಿರಲಿಲ್ಲ.

"ಆದರೆ ಅಜ್ಜಿ, ಇಷ್ಟು ಬರುವವಳು ಬರಲ್ಲ ಅಂತ ಯಾಕೆ ಬರೆದಳು?"

ಅಜ್ಜಿ ಉತ್ತರ ಕೊಡುವಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಕೂಗಿದಳು, "ಏನ್ ದೊಡ್ಡವ್ವಾ, ರಾಗಿ ಚೆಂದಾಗ್ ಬಂತಾ?"

"ಎಲ್ ಬಂತು ಬುಡವ್ವ. ಏನೋ ಕೋಳಿಗಾಗೋವಷ್ಟು."

ನಾನು ಬಾಗಿಲ ಒಳಗೆ ಇಣುಕಿದೆ. ನಡುಮನೆಯಲ್ಲಿ ರಾಗಿ ಮೂಟೆ ಒಂದರ ಮೇಲೊಂದು ತೊಲೆ ಮುಟ್ಟುತ್ತಿದ್ದವು. ಲೆಕ್ಕದವಳ ಚಾಳಿ, ಒಂದು, ಎರಡು, ಮೂರು ಅಂತ ಬೆರಳು ಹೋಯಿತು.

"ಎಣಿಸ್ಬ್ಯಾಡ!" ಅಜ್ಜಿ ಗದರಿದರು. "ಮನೇಲಿರೋದ್ನ ಎಣಿಸ್ತಾರಾ ಯಾರಾರ?"

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು ನೋಡಿ! ನಮ್ಮಪ್ಪನ ಅಂಗಡಿಗೆ ಬರುತ್ತಿದ್ದ ರೈತರೆಲ್ಲ ಸಾಲಾಗಿ ಕಣ್ಣ ಮುಂದೆ ಬಂದರು. "ಏನೋ ಒಂದ್ ಸಣ್ಣ ಮದ್ವೆ ಅಂತ ಮಾಡ್ತಾವ್ನಿ ಬುಡಿ" ಅಂತ ಹೇಳುತ್ತಲೇ ಮೂವತ್ತು ಸೀರೆ ಕಟ್ಟಿಸುತ್ತಿದ್ದವರು. ಬೆಳೆ ಹೇಗಿದೆ ಅಂದರೆ "ಏನೋ ಐತೆ", ಹಸು ಹಾಲು ಕೊಡುತ್ತಾ ಅಂದರೆ "ಏನೋ ಒಸಿ", ಮಗ ಓದುತ್ತಾನಾ ಅಂದರೆ "ಏನೋ ಓಯ್ತಾನೆ ಬತ್ತಾನೆ". ಇದ್ದದ್ದನ್ನು ಇದೆ ಅಂದರೆ ಕಣ್ಣು ಬೀಳುತ್ತೆ. ಕಣ್ಣು ಬಿದ್ದರೆ ಇದ್ದದ್ದೂ ಹೋಗುತ್ತೆ. ಅಂಥ ಮನೆಗಳಿಂದ ಬಂದ ಇಪ್ಪತ್ತಮೂರು ಮಕ್ಕಳ ಕೈಗೆ ಹಾಳೆ ಕೊಟ್ಟು, ನಿಮಗೆ ಎಷ್ಟು ಬರುತ್ತೆ ಅಂತ ನೀವೇ ಬರೆಯಿರಿ ಅಂದಿದ್ದೆ! ಅವು ಮರ್ಯಾದಸ್ಥ ಮಕ್ಕಳು, ಮರ್ಯಾದೆಯಾಗಿ ಬರಲ್ಲ ಅಂತ ಬರೆದಿದ್ದವು. ನಾಲ್ಕು ಹೆಜ್ಜೆ ದೂರದ ಮದ್ದೂರಿನಲ್ಲಿ ಹುಟ್ಟಿದ ನಾನು ಅದನ್ನು ಓದಲಾರದೆ ಹೋದೆ. ನನಗೆ ಅಳಬೇಕೋ ನಗಬೇಕೋ ತಿಳಿಯದೆ ನಕ್ಕೇಬಿಟ್ಟೆ. ಬಾಗಿಲ ಹಿಂದೆ ಜಡೆಯ ತುದಿಯೂ ಅಲ್ಲಾಡಿತು.

"ತಪ್ಪಾಯ್ತು ಕಣವ್ವ" ಅಂದೆ ಬಾಗಿಲ ಕಡೆ ನೋಡಿ.

ಅಜ್ಜಿ ಬಿಡಬೇಕಲ್ಲ. "ಕಳ್ಳಿ ಅಂದಿದ್ದ ಎಷ್ಟ್ ಜನ ಕೇಳುಸ್ಕೊಂಡ್ರು?"

"ಇಪ್ಪತ್ತೆರಡು ಮಕ್ಕಳು."

"ತೆಪ್ಪಾಯ್ತು ಅನ್ನದ್ನ ನಾನೂ ಅವ್ಳೂ ಇಬ್ರು ಕೇಳುಸ್ಕೊ ಬುಟ್ರೆ ಸರ್ಯಾಗೋದಾ? ಇದೂ ಲೆಕ್ಕವೇ ಕಣವ್ವ."

"ಸರಿ, ಶನಿವಾರ ಬನ್ನಿ, ಎಲ್ಲರ ಮುಂದೆ ಕೇಳ್ತೀನಿ. ಆದರೆ ಅಜ್ಜಿ, ಅವಳೂ ಎಲ್ಲರ ಮುಂದೆ ನಂಗೆ ಬರುತ್ತೆ ಅಂತ ಒಂದು ಮಾತು ಹೇಳಬೇಕು. ಹೆಡ್‌ಮೇಷ್ಟ್ರು ಅಷ್ಟು ಕೇಳದೆ ಅಂಕ ಹಾಕಲ್ಲ."

ಅಜ್ಜಿಯ ಮುಖ ಬದಲಾಯಿತು. ಮೊರ ಪಕ್ಕಕ್ಕಿಟ್ಟರು. "ಅದಾಗದ ಮಾತು" ಅಂದರು, ಈ ಸಲ ಮೆಲ್ಲಗೆ. "ಇವ್ರಪ್ಪನೂವೆ ಏಳ್ನೆ ಕಲಾಸಲ್ಲಿ ಇಂಗೇ ಇದ್ದ. ಆವಾಗಿದ್ದ ಮೇಷ್ಟ್ರು ಇಡೀ ಊರ ಮುಂದೆ ನಿಲ್ಸಿ, ಇವ್ನಂಗೆ ಲೆಕ್ಕ ಮಾಡೋನು ಈ ಸುತ್ತಲ್ಲೇ ಇಲ್ಲ ಅಂದ್ಬುಟ್ರು. ನಾನು ಮುಂದ್ಗಡೆ ಕುಂತು ಇಗ್ಗಿದ್ದೇ ಇಗ್ಗಿದ್ದು. ಅದೇ ವರ್ಸ ಟೈಫಾಯ್ಡ್ ಬಂತು. ಮೂರ್ ತಿಂಗ್ಳು ಮಲಿಕಂಡ. ಎದ್ದೋನು ಇಸ್ಕೂಲ್ ಕಡೀಕೆ ಓಗ್ಲಿಲ್ಲ, ಗದ್ದೆಗೋದ. ಆವತ್ತಿಂದ ನಮ್ಮಟ್ಟೀಲಿ ಯಾರೂ ಯಾವ್ದುನ್ನೂ ಬತ್ತದೆ ಅನ್ನಲ್ಲ."

ಕಣ್ಣೂ ಇಲ್ಲ, ದಿಷ್ಟಿಯೂ ಇಲ್ಲ, ಅದು ಕಾಯಿಲೆ ಅಂತ ವಿಜ್ಞಾನ ಹೇಳಬಹುದಿತ್ತು. ಆದರೆ ಆ ಹುಡುಗ ಮೂರು ತಿಂಗಳು ಮಲಗಿದ್ದಾಗ ಪಕ್ಕದಲ್ಲಿ ಕೂತಿದ್ದವರು ಅಜ್ಜಿ, ನಾನಲ್ಲ. ಚೀಲ ಎತ್ತಿಕೊಂಡು ಎದ್ದೆ. "ಶನಿವಾರ ನೀವು ಬರದಿದ್ದರೂ ಪರವಾಗಿಲ್ಲ ಅಜ್ಜಿ. ನಾನಂತೂ ತಪ್ಪಾಯ್ತು ಅಂತ ಹೇಳಿಯೇ ಹೇಳ್ತೀನಿ" ಅಂದೆ.

ಶುಕ್ರವಾರ ಕ್ಲಾಸಿನಲ್ಲಿ ಮೆಟ್ಟಿಲಿನ ಹಾಳೆಗಳನ್ನೆಲ್ಲ ಹರಿದು ಹಾಕಿದೆ. ಸಣ್ಣ ಚೀಟಿ ಕೊಟ್ಟು, "ಗುಟ್ಟಾಗಿ ಬರೆದು ಮಡಚಿ ಕೊಡಿ. ನಾನು ಯಾರ ಮುಂದೆಯೂ ಓದಲ್ಲ, ನನ್ನ ಕಣ್ಣೂ ಒಳ್ಳೆ ಕಣ್ಣು" ಅಂದೆ. ಮಕ್ಕಳು ಕೈ ಅಡ್ಡ ಇಟ್ಟುಕೊಂಡು ಬರೆದವು. ಬಿಚ್ಚಿ ನೋಡಿದರೆ ಮೂರನೇ ಮೆಟ್ಟಿಲಲ್ಲಿ ಜಾತ್ರೆ! ಒಬ್ಬ ಮಾತ್ರ ಎಂಟಾಣೆಯಷ್ಟು ಚೀಟಿಯಲ್ಲಿ ಇರುವೆಯಷ್ಟು ಸಣ್ಣದಾಗಿ ನಾಲ್ಕು ಅಂತ ಬರೆದು, ಅದರ ಕೆಳಗೆ "ಯಾರಿಗೂ ಏಳ್ಬೇಡಿ ಮಿಸ್" ಅಂತ ಬರೆದಿದ್ದ. ಅವನಿಗೆ ಬಂದಿದ್ದದ್ದು ಒಂಬತ್ತು. ಇರಲಿ, ಆಸೆಯಾದರೂ ಇತ್ತಲ್ಲ! ನಾನು ಮೇಜಿನ ಹಿಂದೆ ತಲೆ ತಗ್ಗಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆ ಇಪ್ಪತ್ತೆರಡು ಚೀಟಿಯಲ್ಲಿ ಅವಳದಿರಲಿಲ್ಲ, ಆವತ್ತೂ ಅವಳು ಶಾಲೆಗೆ ಬಂದಿರಲಿಲ್ಲ. ಇದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಬಯಲಲ್ಲಿ ಹೋದ ಮಾನ ಗುಟ್ಟಲ್ಲಿ ಬರುವುದಿಲ್ಲ ಅಂತ ಅಜ್ಜಿ ನನಗೆ ಆಗಲೇ ಲೆಕ್ಕ ಹಾಕಿ ತೋರಿಸಿದ್ದರು.

ಶನಿವಾರ ಹೊಂಗೆ ಮರದ ಕೆಳಗೆ ಜಮಖಾನ ಹಾಸಿ, ಕಪ್ಪುಹಲಗೆಯನ್ನು ಹೊರಗೆ ಹೊತ್ತು ತಂದು ನಿಲ್ಲಿಸಿದೆವು. ಕಾರ್ಡು ಕೊಡುವ ಮುಂಚೆ ಪ್ರತಿ ಮಗುವೂ ತನ್ನ ಮನೆಯವರಿಗೆ ಒಂದು ಲೆಕ್ಕ ಹೇಳಿಕೊಡಬೇಕು, ಮನೆಯವರು ಪ್ರಶ್ನೆ ಕೇಳಬೇಕು ಅಂತ ನಾನು ಏರ್ಪಾಡು ಮಾಡಿದ್ದೆ. ಜನ ಖುಷಿಪಟ್ಟರು. ಒಬ್ಬ ತಾಯಿ "ಇಷ್ಟೆಲ್ಲ ಬತ್ತದಲ್ಲಾ ನಿಂಗೆ, ಅಂಗಡೀಲಿ ಚಿಲ್ರೆ ಎಣಿಸ್ಕೊ ಬರಾಕೆ ಯಾಕ್ಲಾ ಬರಲ್ಲ?" ಅಂತ ಮಗನನ್ನು ಅಲ್ಲೇ ಹಿಡಿದುಕೊಂಡಳು. ಒಬ್ಬ ಅಪ್ಪ ಮಗಳು ಹೇಳಿಕೊಟ್ಟ ಲೆಕ್ಕವನ್ನು ತಪ್ಪು ಮಾಡಿ, ಮಗಳಿಂದ ಬೈಸಿಕೊಂಡು, ಮೀಸೆಯಲ್ಲೇ ನಕ್ಕ. ನಾನು ಒಂದು ಕಣ್ಣು ಗೇಟಿನ ಮೇಲಿಟ್ಟಿದ್ದೆ.

ಅವರು ಬಂದರು. ಮುಂದೆ ಅಜ್ಜಿ, ಹಿಂದೆ ಹುಡುಗಿ, ಅವಳ ಹಿಂದೆ ಪಂಚೆ ಎತ್ತಿ ಕಟ್ಟಿದ ಅವಳಪ್ಪ. ಗದ್ದೆಯಿಂದ ಸೀದಾ ಬಂದಿದ್ದನೆಂದು ಕಾಣುತ್ತೆ, ಕಾಲಲ್ಲಿ ಕೆಸರು ಒಣಗಿತ್ತು. ಅವನು ಜಮಖಾನ ತುಳಿಯದೆ ಹಿಂದೆ ಗೋಡೆಗೆ ಒರಗಿ ನಿಂತ.

ನಾನು ಎದ್ದು ನಿಂತೆ. "ನಾನು ಈ ಮಗೂನ ಕಳ್ಳಿ ಅಂದೆ. ಅವಳು ಕದ್ದಿಲ್ಲ. ಅವಳ ಪೇಪರನ್ನು ನಾನು ಸರಿಯಾಗಿ ನೋಡಲಿಲ್ಲ. ತಪ್ಪು ನಂದು. ನಿಮ್ಮೆಲ್ಲರ ಮುಂದೆ ಅವಳನ್ನ ಕ್ಷಮೆ ಕೇಳ್ತಾ ಇದ್ದೀನಿ." ಇಷ್ಟು ಹೇಳುವುದರಲ್ಲಿ ಬೆವೆತು ಹೋದೆ. ಹೆಡ್‌ಮೇಷ್ಟ್ರು ಕೆಮ್ಮಿದರು. ಮಕ್ಕಳು ಬಾಯಿ ತೆರೆದು ನೋಡಿದವು, ಟೀಚರ್ ತಪ್ಪಾಯ್ತು ಅನ್ನುವುದನ್ನು ಅವು ಹಿಂದೆ ಕಂಡಿರಲಿಲ್ಲ. ಹುಡುಗಿ ಸೀದಾ ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣ ಎತ್ತಿಕೊಂಡಳು. ಮುಕ್ಕಾಲು, ಭಾಗಿಸು, ಎಂಟರಲ್ಲಿ ಒಂದು. ಕೊನೆಯ ಲೆಕ್ಕ.

"ಅಜ್ಜಿ, ಮುಕ್ಕಾಲು ಸೇರು ರಾಗಿ ಅದೆ ಅನ್ಕೊ. ಅರ್ಧ ಪಾವು ಅಂದ್ರೆ ಸೇರಲ್ಲಿ ಎಂಟ್ನೇ ಒಂದು ಪಾಲು. ಅರ್ಧರ್ಧ ಪಾವು ಅಳೆದು ಕೊಟ್ರೆ ಎಷ್ಟ್ ಜನಕ್ಕಾಯ್ತದೆ?"

"ಆರ್ ಜನಕ್ಕೆ" ಅಂದರು ಅಜ್ಜಿ ತಟ್ಟನೆ. ಆಮೇಲೆ ಹುಬ್ಬು ಗಂಟಿಕ್ಕಿದರು. "ತಡಿಯಮ್ಮಿ. ಬಾಗ ಮಾಡುದ್ರೆ ಕಮ್ಮಿ ಆಗ್ಬೇಕಲ್ವಾ? ಮುಕ್ಕಾಲಿದ್ದದ್ದು ಆರು ಎಂಗಾಯ್ತು?"

ನಾನು ಮೂರು ವಾರ ಒದ್ದಾಡಿ ಹೇಳಿಕೊಡಲಾಗದ ಪ್ರಶ್ನೆ ಅದು. ಹುಡುಗಿ ನಕ್ಕಳು. "ರಾಗಿ ಜಾಸ್ತಿ ಆಗ್ಲಿಲ್ಲ ಕಣಜ್ಜಿ, ಅಷ್ಟೇ ಅದೆ. ಪಾಲು ಸಣ್ಣದಾಯ್ತು, ಅದುಕ್ಕೆ ಪಾಲ್ದಾರ್ರು ಜಾಸ್ತಿ ಆದ್ರು." ಜಮಖಾನದ ತುಂಬ "ಅದು ಸರಿ ಬುಡು", "ಔದಲ್ವಾ" ಅನ್ನುವ ಮಾತು ಹರಿದಾಡಿತು.

ಹೆಡ್‌ಮೇಷ್ಟ್ರು ಕಾರ್ಡು ಕೈಯಲ್ಲಿ ಹಿಡಿದು ಮುಂದೆ ಬಂದರು. "ಭೇಷ್. ಈಗ ಒಂದು ಮಾತು ಹೇಳಿಬಿಡಮ್ಮ. ನಿನಗೆ ಇದು ಬರುತ್ತಾ, ಬರಲ್ವಾ? ನೀನೇ ಬಾಯಿಬಿಟ್ಟು ಹೇಳಬೇಕು."

ಹುಡುಗಿ ಬಾಯಿ ತೆರೆದಳು. ಅಜ್ಜಿಯ ಕಡೆ ನೋಡಿದಳು. ಮುಚ್ಚಿದಳು. ಸೀಮೆಸುಣ್ಣ ಬೆರಳಲ್ಲಿ ತಿರುಗುತ್ತಿತ್ತು. ಹೇಳಮ್ಮ, ಹೇಳಿಬಿಡು ಅಂತ ನನ್ನ ಪ್ರಾಣ ಹೊಡೆದುಕೊಳ್ಳುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ನನ್ನ ಅಪ್ಪಣೆಯಲ್ಲ.

ಅಜ್ಜಿ ಮೊಣಕಾಲ ಮೇಲೆ ಕೈಯೂರಿ ಎದ್ದರು. ಸುತ್ತ ಒಂದು ಸಲ ಎಲ್ಲರ ಮುಖವನ್ನೂ ನೋಡಿದರು, ಯಾರ ಕಣ್ಣು ಎಲ್ಲಿದೆ ಅಂತ ಗುರುತು ಮಾಡಿಕೊಳ್ಳುವ ಹಾಗೆ.

"ಬತ್ತದೆ" ಅಂದರು. "ನಮ್ಮುಡ್ಗೀಗೆ ಲೆಕ್ಕ ಬತ್ತದೆ ಕಣ್ರಪ್ಪ. ಚೆನ್ನಾಗ್ ಬತ್ತದೆ. ಯಾರ್ ಕಣ್ಣಾರ ಬೀಳ್ಲಿ." ಒಂದು ಉಸಿರು ತೆಗೆದುಕೊಂಡು, ಹಿಂದೆ ಗೋಡೆಯ ಕಡೆ ಕೈ ತೋರಿಸಿ ಅಂದರು, "ಇವ್ರಪ್ಪಂಗೂ ಬತ್ತಿತ್ತು."

"ನಂಗೆ ಬತ್ತದೆ!" ಹುಡುಗಿ ಕೂಗಿಯೇಬಿಟ್ಟಳು. "ಎಲ್ರಿಗೂ ಹೇಳ್ಕೊಡ್ತೀನಿ ಮಿಸ್!" ಅಂದವಳೇ ಹೆಡ್‌ಮೇಷ್ಟ್ರ ಕೈಯಿಂದ ಕಾರ್ಡು ಕಿತ್ತುಕೊಂಡು ತನ್ನ ಜಾಗದಲ್ಲಿ ನಾಲ್ಕು ಅಂತ ಬರೆದಳು. ಪಕ್ಕದ ಖಾಲಿ ಚೌಕದಲ್ಲಿ ನಾನು ಇಪ್ಪತ್ತು ಬರೆದೆ. ಮಕ್ಕಳು ಚಪ್ಪಾಳೆ ತಟ್ಟಿದವು. ಮುಂದಿನ ಸಾಲಿನಲ್ಲಿದ್ದ ಹೆಂಗಸರಿಬ್ಬರು ಎದ್ದು ಹೋಗಿ ಹುಡುಗಿಯ ಮುಖಕ್ಕೆ ನಿವಾಳಿಸಿ ನೆಟಿಕೆ ಮುರಿದರು.

ಗೋಡೆಗೆ ಒರಗಿದ್ದ ಅವಳಪ್ಪ ಮಾತ್ರ ಅಲುಗಾಡಿರಲಿಲ್ಲ. ನಲವತ್ತು ದಾಟಿದ ಆ ಗಂಡಸು ನಮ್ಮ ಏಳನೇ ಕ್ಲಾಸಿನ ಮಕ್ಕಳ ಹಾಗೆಯೇ ತಲೆ ತಗ್ಗಿಸಿಕೊಂಡು ತನ್ನ ಕಾಲಿನ ಕೆಸರನ್ನು ನೋಡುತ್ತಿದ್ದ. ಚಪ್ಪಾಳೆ ನಿಂತಮೇಲೆ ತಲೆ ಎತ್ತಿದ. "ಅವ್ವಾ, ಈ ಮಾತ್ನ ಇಷ್ಟ್ ವರ್ಸ ಎಲ್ಲಿಟ್ಟಿದ್ದೆ?" ಅಂತ ಕೇಳಿದ.

"ಕಣ್ಣಾಯ್ತದೆ ಅಂತ ಮಡಿಕ್ಕಂಡಿದ್ದೆ" ಅಂದರು ಅಜ್ಜಿ, ಸೆರಗಿನಿಂದ ಮೂಗು ಒರೆಸಿಕೊಂಡು. "ಈಗ ನಿನ್ ಮೂತಿ ಮ್ಯಾಲೆ ಇನ್ಯಾವ್ ಕಣ್ಣು ಬಿದ್ದಾತು ಬುಡ್ಲಾ!"

ಜಮಖಾನಕ್ಕೆ ಜಮಖಾನವೇ ನಕ್ಕಿತು. ಅವನೂ ನಕ್ಕ, ತೋಳಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ. ಆಮೇಲೆ ಕೆಸರು ಕಾಲಲ್ಲೇ ಜಮಖಾನ ತುಳಿದುಕೊಂಡು ಮುಂದೆ ಬಂದು, ಹಲಗೆಯ ಎದುರು ಮಗಳ ಪಕ್ಕ ನಿಂತು, ಆ ಲೆಕ್ಕವನ್ನು ಮೊದಲಿನಿಂದ ಓದತೊಡಗಿದ.